ಹಿಂದಕ್ಕೆ ಎಳೆಯುವುದು

ಬೆಳಿಗ್ಗೆ ಏಳರಿಂದ ಹನ್ನೊಂದರ ತನಕ
ನಾನು ರಕ್ತ ಎಳೆಯುವವಳು.
ಕಲಾಸಿಪಾಳ್ಯ, ಲಿಫ್ಟಿಲ್ಲದ ಲ್ಯಾಬು, ಎರಡನೇ ಮಹಡಿ.
ಮುಷ್ಟಿ ಬಿಗಿ ಹಿಡೀರಿ, ಆ ಕಡೆ ನೋಡಿ, ಆಯ್ತು, ಆಯ್ತು.
ಆಗಿರುವುದಿಲ್ಲ. ಆದರೂ ಹಾಗೇ ಹೇಳಬೇಕು.
ಹೆಬ್ಬೆರಳಿಗೆ ಗೊತ್ತು ಪಿಸ್ಟನ್ನು ಎಷ್ಟು ನಿಧಾನ ಬರಬೇಕೆಂದು.
ಅವಸರ ಮಾಡಿದರೆ ನರ ಒಳಗೇ ಮುದುಡುತ್ತದೆ,
ಮುಟ್ಟಿದ ಬಸವನಹುಳುವಿನ ಹಾಗೆ.

ಟ್ಯೂಬಿನ ಮೇಲೆ ಹೆಸರು ಬರೆಯುವ ಕೆಲಸ ಈಗಿಲ್ಲ,
ಪಟ್ಟೆಪಟ್ಟೆ ಲೇಬಲ್ಲು ಮಿಷನ್ನೇ ಉಗುಳುತ್ತದೆ.
ಹದಿನಾರು ವರ್ಷದ ಹಿಂದೆ, ಸೇರಿದ ಹೊಸತರಲ್ಲಿ,
ದಪ್ಪ ರಿಜಿಸ್ಟರಿನ ತುಂಬ ನನ್ನದೇ ಅಕ್ಷರ.
ನಂಜಮ್ಮಣ್ಣಿ, ೬೨, ಸಕ್ಕರೆ.
ಆರ್ಮುಗಂ, ೪೦, ಕಾಮಾಲೆ.
ಫಿಲೋಮಿನಾ ಬರೆದರೆ ಕಾಯಿಲೆಯೂ ಚೆಂದ ಕಾಣುತ್ತೆ
ಅನ್ನುತ್ತಿದ್ದರು ಆಗಿನ ಡಾಕ್ಟರು.

ಅವೆನ್ಯೂ ರಸ್ತೆಯಲ್ಲಿ, ಗೈಡುಗಳ ರಾಶಿ ದಾಟಿ,
ಮದುವೆ ಕಾರ್ಡಿನ ಅಂಗಡಿಯ ಪಕ್ಕದ ಸಂದಿಯಲ್ಲಿ
ಒಬ್ಬರೇ ಕೂರುವಷ್ಟು ಜಾಗ. ಕೂತವರು ಖಲೀಲ್ ಬೇಗ್.
ನಾನು ಹೋದದ್ದು ನೂರಾ ಎಂಬತ್ತರ ಪೆನ್ನಿಗೆ ನಿಬ್ಬು ಹಾಕಿಸಲು.
ಕಾರ್ಟ್ರಿಜ್ಜು ಮುಗಿದರೆ ಏನು ಮಾಡ್ತೀರಿ ಅಂದರು.
ಎರಡು ಎಂ.ಎಲ್. ಸಿರಿಂಜಿದೆಯಲ್ಲ, ಅದರಲ್ಲೇ ತುಂಬ್ತೀನಿ ಅಂದೆ.
ನಕ್ಕರು.
“ಐದು ರೂಪಾಯಿಗೇ ನಿಮ್ಮ ಕೈಲಿ ಪಿಸ್ಟನ್ ಇದೆ.
ಹದಿನಾಲ್ಕು ಸಾವಿರದ್ದು ನಿಮಗೆ ತೋರಿಸಲೇಬಾರದು.”
ತೋರಿಸಿದರು.

ಎಳೆ ಹಾಗಲಕಾಯಿಯ ಹಸಿರು. ಹೊಟ್ಟೆಯ ಹತ್ತಿರ
ಉಗುರಗಲದ ಗಾಜುಗಾಜಾದ ಕಿಟಕಿ.
ಬಾಲದ ತಿರುಪು ತಿರುಗಿಸಿದರೆ ಒಳಗೆ ಏನೋ ಇಳಿಯುತ್ತದೆ,
ಹಿಂದಕ್ಕೆ ತಿರುಗಿಸಿದರೆ ಏರುತ್ತದೆ.
ಮೊದಲು ನೀರಲ್ಲಿ ನೋಡಿ ಎಂದು
ತಾವು ಕುಡಿಯುತ್ತಿದ್ದ ಸ್ಟೀಲ್ ಲೋಟವನ್ನೇ ಮುಂದಿಟ್ಟರು.
ಗುಳ್ಳೆ. ಇನ್ನೊಂದು ಗುಳ್ಳೆ.
ಆಮೇಲೆ ಬೆರಳಿಗಷ್ಟೇ ತಿಳಿಯುವ ಒಂದು ಗುಟುಕು.

ಇಷ್ಟೊಂದು ದುಡ್ಡು ಯಾಕೆ ಸಾಹೇಬರೇ?
“ಚಿನ್ನದ ನಿಬ್ಬು ಅಂತಾರೆ. ಇಂಕು ಜಾಸ್ತಿ ಹಿಡಿಯುತ್ತೆ ಅಂತಾರೆ.
ಇರಬಹುದು.
ವರ್ಷಕ್ಕೊಮ್ಮೆ ಒಳಗೆ ಜಿಡ್ಡು ಹಚ್ಚಬೇಕು, ಬಿರಿ ಹಿಡಿದರೆ ಬಿಚ್ಚಬೇಕು,
ಕೆಟ್ಟರೆ ನನ್ನಂಥ ಮುದುಕನನ್ನು ಹುಡುಕಬೇಕು.
ಕೆಟ್ಟರೂ ಬಿಸಾಕೋಕೆ ಮನಸ್ಸು ಬರಲ್ಲ ನೋಡಿ, ಅದರ ಬೆಲೆ ಅದು.”

ಕಾಟನ್‌ಪೇಟೆಯ ರಾಜಾಮಣಿಯಕ್ಕನ ಚೀಟಿ,
ಹನ್ನೊಂದನೇ ತಿಂಗಳು.
ಯಾವಾಗಲೂ ಕೊನೆಯ ತನಕ ಕಾಯುವ ನಾನು
ಎರಡು ಸಾವಿರದ ಮುನ್ನೂರು ಬಿಟ್ಟು ಕೂಗಿದೆ.
ಏನು ಫಿಲೋ, ಆಸ್ಪತ್ರೆ ಖರ್ಚಾ? ಅಂದಳು.
ಹೂಂ ಅಂದೆ.
ಹೀಗೆ ಪೆನ್ನಿನ ಬೆಲೆ ಹದಿನಾರು ಸಾವಿರದ ಮುನ್ನೂರು
ಮತ್ತು ಒಂದು ಸುಳ್ಳು.
ಭಾನುವಾರ ಸ್ವಾಮಿಗಳ ಮುಂದೆ ಮಂಡಿಯೂರಿ
ಸುಳ್ಳನ್ನು ಮಾತ್ರ ಹೇಳಿದೆ. ಬೆಲೆ ಹೇಳಲಿಲ್ಲ.

ರಾತ್ರಿ, ಪಾತ್ರೆ ತೊಳೆದ ಮೇಲೆ,
ಒಲೆಕಟ್ಟೆಯ ಮೇಲೆ ಇಂಕಿನ ಬಾಟಲಿ ಇಟ್ಟು ತಿರುಗಿಸಿದೆ.
ಕಿಟಕಿಯಲ್ಲಿ ಕಪ್ಪು ನೀಲಿ ಏರಿತು.
ಯಾರೂ ಮುಖ ಆ ಕಡೆ ಮಾಡಲಿಲ್ಲ,
ಯಾರೂ ಅಮ್ಮಾ ಅನ್ನಲಿಲ್ಲ.
ಅಭ್ಯಾಸ ಬಿಡಬೇಕಲ್ಲ:
ಎತ್ತಿದ ಕೂಡಲೇ ನಿಬ್ಬಿಗೆ ಹತ್ತಿ ಒತ್ತಿ ಹಿಡಿದೆ.
ಎಳೆ ಸಿಕ್ಕಿಕೊಂಡು ಮೊದಲ ಸಾಲಿಗೆ ಮೀಸೆ ಬಂತು.

ಬರೆಯಲು ಏನೂ ಇರಲಿಲ್ಲ ನನ್ನ ಹತ್ತಿರ.
ಕರೆಂಟ್ ಬಿಲ್ಲು ಮಗುಚಿದೆ.
ನಂಜಮ್ಮಣ್ಣಿ, ೬೨, ಸಕ್ಕರೆ.
ಆರ್ಮುಗಂ, ೪೦, ಕಾಮಾಲೆ.
ಶಬೀನಾ, ೧೯, ರಕ್ತ ಕಡಿಮೆ, ಮದುವೆ ಹತ್ತಿರ ಇದೆ ಅಂದಿದ್ದಳು.
ಹೆಸರುಗಳು ಒಂದರ ಹಿಂದೆ ಒಂದು,
ಯಾವ ನರದಲ್ಲಿದ್ದವೋ, ಬರುತ್ತಲೇ ಇದ್ದವು.
ಬಿಲ್ಲಿನ ಹಿಂಬದಿ ತುಂಬಿತು.
ಪೆನ್ನನ್ನು ಬಲ್ಬಿಗೆ ಹಿಡಿದು ನೋಡಿದೆ,
ಇಂಕು ಒಂದು ಕೂದಲೆಳೆಯೂ ಇಳಿದಿರಲಿಲ್ಲ.